ಬೆಣ್ಣೆಯಮ್ಮನ ಸಹಿ

ಮೊನ್ನೆ ಸೊಸೆ ಬೆಣ್ಣೆ ಕಾಯಿಸುತ್ತ ಕೊನೆಗೆ ಒಂದು ವೀಳ್ಯದೆಲೆ ಹರಿದು ಹಾಕಿದಳು. ಆ ಘಮ ಹಜಾರಕ್ಕೆ ಬಂದದ್ದೇ ತಡ, ಓದುತ್ತಿದ್ದ ಪೇಪರು ಮಡಿಸಿಟ್ಟೆ. ಹೀಗೇ ಕಾಯಿಸಬೇಕೆಂದು ನನಗೆ ಹೇಳಿಕೊಟ್ಟವಳು ಅಜ್ಜಂಪುರದ ಬೆಣ್ಣೆಯಮ್ಮ... ಎಷ್ಟು ವರ್ಷವಾಯಿತೋ.

ಎಪ್ಪತ್ತರ ದಶಕದ ಕೊನೆ ಅದು. ಬ್ಯಾಂಕುಗಳು ಸರ್ಕಾರದ ಕೈಗೆ ಬಂದ ಮೇಲೆ ಸಣ್ಣ ಊರುಗಳಲ್ಲೂ ಶಾಖೆ ತೆರೆಯಿರೆಂದು ಮೇಲಿನಿಂದ ಒಂದೇ ಸಮನೆ ಒತ್ತಡ. ಅಜ್ಜಂಪುರದ ಅಂಥದೊಂದು ಹೊಸ ಶಾಖೆಯಲ್ಲಿ ನಾನು ಗುಮಾಸ್ತ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಜನರನ್ನು ಸಾಹುಕಾರರ ಕೈಯಿಂದ ಬಿಡಿಸುವುದೇ ನಮ್ಮ ಕೆಲಸ ಎಂದು ಮ್ಯಾನೇಜರು ಹೇಳಿದ್ದನ್ನು ಗಟ್ಟಿಯಾಗಿ ನಂಬಿದ್ದೆ. ದಿನಾ ಬೆಳಿಗ್ಗೆ ನನ್ನ ಕೋಣೆಗೆ ಬೆಣ್ಣೆ ತರುತ್ತಿದ್ದ ಆ ವಿಧವೆಯೇ ನನಗೆ ಸಿಕ್ಕ ಮೊದಲ ಗಿರಾಕಿ. ಸಾಹುಕಾರರ ಬಳಿ ಇಟ್ಟಿದ್ದ ಪುಡಿಗಂಟನ್ನು ಬಿಡಿಸಿ ತಂದು ಹೆಬ್ಬೆಟ್ಟು ಒತ್ತಿ ಖಾತೆ ತೆರೆದಳು. ಇದ್ದೊಬ್ಬ ಮಗಳ ಬಾಣಂತನಕ್ಕೆಂದು ಕೂಡಿಟ್ಟ ದುಡ್ಡು.

ಅಷ್ಟಕ್ಕೇ ಸುಮ್ಮನಿರಬಹುದಿತ್ತು ನಾನು. ಇರಲಿಲ್ಲ. ಆಕೆಗೆ ಸಹಿ ಕಲಿಸುತ್ತೇನೆಂದು ಹಟ ಹಿಡಿದೆ. ಬೆಣ್ಣೆ ಕೊಟ್ಟಾದ ಮೇಲೆ ಮೆಟ್ಟಿಲ ಮೇಲೆ ಕೂತು ಸ್ಲೇಟಿನಲ್ಲಿ ತನ್ನ ಹೆಸರಿನ ಮೂರಕ್ಷರ ತಿದ್ದುತ್ತಿದ್ದಳು. "ಎಮ್ಮೆ ಹಿಂಡೋ ಕೈ ಕಣಪ್ಪ ಇದು, ಬಳಪಕ್ಕೆ ಬಗ್ಗಲ್ಲ" ಎಂದು ನಗುತ್ತಿದ್ದಳು. ಎರಡು ತಿಂಗಳು ಹಿಡಿಯಿತು. ಬ್ಯಾಂಕಿನ ಕಾರ್ಡಿನಲ್ಲಿ ಹೆಬ್ಬೆಟ್ಟಿನ ಬದಲು ಸಹಿ ಬಂದ ದಿನ ಮ್ಯಾನೇಜರು ಎಲ್ಲರಿಗೂ ಕಾಫಿ ತರಿಸಿದರು. ಬೀಗಿದ್ದು ಮಾತ್ರ ನಾನು.

ಮರುವರ್ಷ ಒಂದು ದಿನ ಮಧ್ಯಾಹ್ನ ಎರಡು ಗಂಟೆ, ಬ್ಯಾಂಕಿನ ಬಾಗಿಲು ಹಾಕುವ ಹೊತ್ತು. ಮಗಳ ಹೆರಿಗೆಗೆಂದು ತರೀಕೆರೆಯ ಆಸ್ಪತ್ರೆಗೆ ಹೋಗಿದ್ದ ಬೆಣ್ಣೆಯಮ್ಮ ಬಸ್ಸಿಳಿದು ಓಡೋಡಿ ಬಂದಳು. ಕೂಸು ಹುಟ್ಟುವಾಗಲೇ ಹೋಗಿದೆ, ಮಗಳಿಗೆ ರಕ್ತ ನಿಲ್ಲುತ್ತಿಲ್ಲ, ಕೂಡಲೇ ಶಿವಮೊಗ್ಗಕ್ಕೆ ಸಾಗಿಸಿ ಎಂದಿದ್ದರಂತೆ ಅಲ್ಲಿನ ಡಾಕ್ಟರು. ವ್ಯಾನಿನವನು ದುಡ್ಡು ಕೈಗೆ ಬರದೆ ಹೊರಡುವುದಿಲ್ಲ ಎಂದಿದ್ದ.

ಹಣ ತೆಗೆಯುವ ಚೀಟಿಗೆ ಸಹಿ ಹಾಕಿದಳು. ಕೈ ಗಡಗಡ ನಡುಗುತ್ತಿತ್ತು. ಕಾರ್ಡಿನ ಸಹಿಗೂ ಅದಕ್ಕೂ ತಾಳೆಯಾಗಲಿಲ್ಲ. ಇನ್ನೊಂದು ಚೀಟಿ ಕೊಟ್ಟೆ, ಮತ್ತೊಂದು ಕೊಟ್ಟೆ. ಅಕ್ಷರಗಳು ಒಂದರಿಂದ ಒಂದಕ್ಕೆ ಕೆಡುತ್ತ ಹೋದವು.

"ಹೆಬ್ಬೆಟ್ ಒತ್ತತೀನಿ ಕಣಪ್ಪ. ಅದೂ ನಂದೇ ಅಲ್ವಾ?"

ಸಹಿಯ ಖಾತೆಗೆ ಹೆಬ್ಬೆಟ್ಟು ನಡೆಯಬೇಕಾದರೆ ಮ್ಯಾನೇಜರು ಒಪ್ಪಬೇಕು, ಅವರು ಕಡೂರಿನ ಸಭೆಗೆ ಹೋಗಿದ್ದಾರೆ, ನಾಳೆ ಬಾ ಎಂದೆ. ನಾನೇ ಹೇಳಿದೆ ಈ ಮಾತನ್ನು. ಆಕೆಯ ಕೈಯ ಬೆಣ್ಣೆ ತಿಂದ ಬಾಯಲ್ಲೇ ಹೇಳಿದೆ. ಲೆಕ್ಕ ತಪಾಸಣೆಗೆ ಬಂದವರು ಸಹಿ ನೋಡಿ ನನ್ನ ನೌಕರಿ ತೆಗೆದರೆ ಎಂಬ ಹೆದರಿಕೆ. ಜೇಬಿನಲ್ಲಿದ್ದಷ್ಟನ್ನಾದರೂ ಕೊಡಬಹುದಿತ್ತು, ಅದೂ ಹೊಳೆಯಲಿಲ್ಲ. ಕೌಂಟರಿನ ಸರಳು ಹಿಡಿದು ಎಷ್ಟೋ ಹೊತ್ತು ನಿಂತಿದ್ದಳು... ನಾನು ತಲೆ ತಗ್ಗಿಸಿ ಏನೋ ಬರೆಯುತ್ತಿದ್ದೆ.

ಆಮೇಲೆ ಸಾಹುಕಾರರ ಅಂಗಡಿಗೆ ಹೋದಳಂತೆ. ಮಧ್ಯಾಹ್ನವಾದ್ದರಿಂದ ಮುಚ್ಚಿತ್ತು. ನಾಲ್ಕಕ್ಕೆ ಬಾಗಿಲು ತೆಗೆದವರು ಆಕೆಯ ಮುಖ ನೋಡಿಯೇ ಹಣ ಎಣಿಸಿಕೊಟ್ಟರಂತೆ, ಕಾಗದವಿಲ್ಲ, ಸಹಿಯಿಲ್ಲ. ಸಂಜೆಯ ಬಸ್ಸಿಗೆ ತರೀಕೆರೆ ಮುಟ್ಟುವಷ್ಟರಲ್ಲಿ ಮಗಳ ಉಸಿರು ನಿಂತಿತ್ತು.

ಮರುದಿನ ಮ್ಯಾನೇಜರು ತಣ್ಣಗೆ ಕೇಳಿದರು, ಈಕೆ ನನಗೆ ಗೊತ್ತಿರುವ ಹೆಂಗಸು ಎಂದು ಚೀಟಿಯ ಮೇಲೆ ನೀನೇ ಒಂದು ಸಾಲು ಬರೆದು ಹಣ ಕೊಡಬಹುದಿತ್ತಲ್ಲ ಎಂದು. ಕೊಡಬಹುದಿತ್ತು.

ತಿಂಗಳ ನಂತರ ಖಾತೆ ಮುಚ್ಚಿಸಲು ಬಂದಳು. ನಾನು ಎದ್ದು ನಿಂತೆ. ಆಕೆಯೇ ಹೇಳಿದಳು:

"ನಿಂದೇನ್ ತಪ್ಪಿಲ್ಲ ಬಿಡಪ್ಪ. ನಾನೇ ಕಲೀಬಾರ್ದಿತ್ತು."

ಆಮೇಲೆ ಅನೇಕ ಊರುಗಳಲ್ಲಿ ನೌಕರಿ ಮಾಡಿದೆ, ಬಡ್ತಿಯೂ ಬಂತು. ಯಾರಿಗೂ ಸಹಿ ಕಲಿಸಲಿಲ್ಲ. ರೈಲಿನಲ್ಲಿ ಅಜ್ಜಂಪುರ ಹಾದು ಹೋಗುವಾಗಲೆಲ್ಲ ಇಳಿಯಬೇಕು ಅನ್ನಿಸುತ್ತಿತ್ತು, ಒಮ್ಮೆಯೂ ಇಳಿಯಲಿಲ್ಲ. ಎದುರು ನಿಂತು ಒಮ್ಮೆ ಬಯ್ಯಿಸಿಕೊಳ್ಳಬೇಕಿತ್ತು. ಈಗ ಆಕೆ ಇರಲಾರಳು, ನನ್ನನ್ನು ಬಯ್ಯುವ ಹಕ್ಕಿದ್ದವರು ಇನ್ನು ಯಾರೂ ಉಳಿದಿಲ್ಲ.