ಕನ್ನಡಿಗೆ ಇಟ್ಟ ಬೊಟ್ಟು

ಆಯುಧಪೂಜೆಯ ದಿನ ಖಾರಘರದ ನಮ್ಮ ಪ್ರಯೋಗಾಲಯಕ್ಕೆ ಮನೆಯವರೂ ಬರಬಹುದಿತ್ತು. ಡೊಂಬಿವಲಿಯಿಂದ ಅಮ್ಮ ಕುಂಕುಮದ ಭರಣಿ, ಸೇವಂತಿಗೆ ಹಿಡಿದು ನನ್ನ ಜೊತೆ ಹೊರಟಳು. ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸುವಾಗ ಹೂವಿನ ಪೊಟ್ಟಣ ಜಜ್ಜಿಹೋಯಿತೆಂದು ಉಳಿದ ದಾರಿಯೆಲ್ಲ ಗೊಣಗಿದಳು.

"ಅಲ್ಲಿ ನೀನು ಎಂತ ಮಾಡುವುದು?" ಎಂದು ಕೇಳಿದಳು.

ಲೇಸರ್ ಬೆಳಕಿನಿಂದ ಪರಮಾಣುಗಳ ಓಟ ತಗ್ಗಿಸಿ, ತೀರಾ ತಣ್ಣಗೆ ಮಾಡಿ, ಬೆಳಕಿನದೇ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಕೂರಿಸುತ್ತೇವೆ ಎಂದೆ. ಲೋಹದೊಳಗೆ ಎಲೆಕ್ಟ್ರಾನುಗಳು ಹೇಗೆ ಓಡಾಡುತ್ತವೆಂದು ಕಂಪ್ಯೂಟರಿಗೂ ಲೆಕ್ಕ ಸಿಗದಿದ್ದಾಗ, ಈ ಪರಮಾಣುಗಳು ಅದನ್ನು ಆಡಿ ತೋರಿಸುತ್ತವೆ. ಅಪ್ಪನ ಹೋಟೆಲಿನಲ್ಲಿ ಇಡ್ಲಿ ಬೇಯಿಸುತ್ತಲೇ ಕೂದಲು ನರೆಸಿಕೊಂಡ ಅಮ್ಮ, "ತಣ್ಣಗಿನ ಇಡ್ಲಿ ಯಾರಿಗೆ ಬೇಕು ಮಾರಾಯ್ತಿ?" ಎಂದು ನಕ್ಕಳು.

ನನ್ನ ಸಂಶೋಧನೆ ಮುಗಿಸಲು ಉಳಿದಿದ್ದದ್ದು ಒಂದೇ ಅಳತೆ. ಡಿಸೆಂಬರಿನೊಳಗೆ ಅದು ಸಿಗದಿದ್ದರೆ ಫೆಲೋಶಿಪ್ ಮುಗಿಯಿತು. ಅಮ್ಮನಿಗೂ ಅದು ಗೊತ್ತಿತ್ತು.

ಲೇಸರುಗಳು ಆರಿದ್ದವು. ನಾವೆಲ್ಲ ಹೊರಗಿನ ಪೆಟ್ಟಿಗೆಗಳಿಗೆ ಮಾತ್ರ ಕುಂಕುಮವಿಟ್ಟು, ಆರತಿ ಎತ್ತಿ, ಪೇಢಾ ತಿಂದು ಬಂದೆವು.

ರಜೆ ಮುಗಿಸಿ ಲೇಸರ್ ಹಚ್ಚಿದರೆ ಪರದೆಯ ಮೇಲೆ ಪರಮಾಣುಗಳ ಸುಳಿವೇ ಇಲ್ಲ. ಟಾರ್ಚ್ ಹಿಡಿದು ಮೇಜಿನ ಮೇಲಿನ ಕನ್ನಡಿಗಳನ್ನು ನೋಡುತ್ತಾ ಹೋದ ನನ್ನ ಗೈಡ್ ಒಂದು ಕಡೆ ನಿಂತುಬಿಟ್ಟರು. "ಹೇ ಕಾಯ್ ಆಹೆ?" ಇದೇನಿದು, ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು.

ಕನ್ನಡಿಯ ನಟ್ಟನಡುವೆ ಕುಂಕುಮದ ಬೊಟ್ಟು. ಲೇಸರ್ ಬಿದ್ದಲ್ಲಿ ಸುಟ್ಟು ಕರಕಲಾಗಿತ್ತು. ಉಂಗುರಬೆರಳಲ್ಲಿ ಅಷ್ಟು ದುಂಡಗೆ ಬೊಟ್ಟಿಡುವವರು ನಾನು ಕಂಡಂತೆ ಒಬ್ಬರೇ. ಸ್ಕ್ರೂ ಬಿಚ್ಚಿ ಕನ್ನಡಿಯನ್ನು ಹೊರತೆಗೆದೆ.

ಮನೆಗೆ ಬಂದು ಅಮ್ಮನ ಮೇಲೆ ಕಿರುಚಾಡಿದೆ. ಅಮ್ಮ ಪೆಚ್ಚಾಗಿ ಕೂತಳು. "ಡಬ್ಬಕ್ಕೆ ಹಚ್ಚಿದರೆ ಎಂತ ಬಂತು? ಕೆಲಸ ಮಾಡುವುದು ಆ ಕನ್ನಡಿಯಲ್ವಾ ಅಂತ, ನೀವೆಲ್ಲ ಪೇಢಾ ತಿನ್ನುವಾಗ ಇಟ್ಟೆ. ನಿಂಗೆ ಒಳ್ಳೇದಾಗ್ಲಿ ಅಂತ, ಮಗಾ."

ಹೊಸ ಕನ್ನಡಿ ಹೊರದೇಶದಿಂದ ಬಂದದ್ದು ಫೆಬ್ರವರಿಯಲ್ಲಿ. ಅಷ್ಟರಲ್ಲಿ ನನ್ನ ಮೇಜು ಬೇರೆಯವರದಾಗಿತ್ತು. ಈಗ ನಾನು ಕಲ್ಯಾಣ ಸ್ಟೇಷನ್ ಬಳಿಯ ಕೋಚಿಂಗ್ ಕ್ಲಾಸಿನಲ್ಲಿ ಮಕ್ಕಳಿಗೆ ಲೋಲಕದ ಪಾಠ ಹೇಳುತ್ತೇನೆ.

ಈ ವರ್ಷ ಆಯುಧಪೂಜೆಗೆ ಅಮ್ಮ ಮಿಕ್ಸಿಗೆ, ಗ್ರೈಂಡರಿಗೆ, ಈಳಿಗೆಮಣೆಗೆ ಬೊಟ್ಟಿಡುತ್ತಾ ಬಂದಳು. ನನ್ನ ಲ್ಯಾಪ್‌ಟಾಪಿನ ಹತ್ತಿರ ಬಂದಾಗ ಆ ಉಂಗುರಬೆರಳು ಗಾಳಿಯಲ್ಲೇ ನಿಂತಿತು.

"ನಿನ್ನದಕ್ಕೆ ಬೇಡ," ಎಂದಳು. ಬೆರಳಿನ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.