ಅಕ್ಕ ಕಲಿತ ಮದುವೆಯ ಇಂಗ್ಲಿಷ್

ನಾನು ಚಿಕ್ಕವನಿದ್ದಾಗ, ಅಂದರೆ ಎಪ್ಪತ್ತರ ದಶಕದಲ್ಲಿ, ಪುಣೆಯ ಬಿಬವೇವಾಡಿಯ ನಮ್ಮ ಎರಡು ಕೋಣೆಯ ಮನೆಗೆ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ಹುಡುಗ ದೊಡ್ಡ ಕಂಪನಿಯಲ್ಲಿದ್ದಾನೆ, ಇಂಗ್ಲಿಷ್ ಬರುವ ಹುಡುಗಿಯೇ ಬೇಕಂತೆ ಎಂದು ಸಂಬಂಧ ತಂದವರು ಹೇಳಿಹೋಗಿದ್ದರು. ಅಷ್ಟೇ ಸಾಕಾಯಿತು. ವಿಜಾಪುರದಿಂದ ಬಂದು ದವಸಧಾನ್ಯದ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಇಂಗ್ಲಿಷ್ ನುಡಿಗಟ್ಟುಗಳ ಹಳೆಯ ಪುಸ್ತಕವೊಂದನ್ನು ಹುಡುಕಿ ತಂದರು.

ಅಪ್ಪನ ಲೆಕ್ಕಾಚಾರ ಕೇಳಿ. ಬರುವವರು ಮದುವೆ ಮಾತಿಗೆ ಬರುತ್ತಾರೆ, ಆದ್ದರಿಂದ ಮದುವೆಯ ಇಂಗ್ಲಿಷ್ ಕಲಿತರೆ ಸಾಕು! ಉಳಿದ ಪುಟಗಳನ್ನು ಹಾರಿಸಿ, ನಿಶ್ಚಯ, ಮದುವೆ, ಸಂಸಾರದ ನುಡಿಗಟ್ಟುಗಳನ್ನಷ್ಟೇ ಅಕ್ಕ ಬಾಯಿಪಾಠ ಮಾಡಬೇಕಿತ್ತು. ಒಪ್ಪಿಸಿಕೊಳ್ಳುವ ಕೆಲಸ ನನ್ನದು. 'ಟೈ ದ ನಾಟ್' ಎಂದರೆ ಮದುವೆಯಾಗುವುದು. 'ಕೋಲ್ಡ್ ಫೀಟ್' ಎಂದರೆ ಮದುವೆ ಹತ್ತಿರ ಬಂದಾಗ ಹೆದರಿ ಹಿಂದೇಟು ಹಾಕುವುದು. 'ಪಾಪ್ ದ ಕ್ವೆಶ್ಚನ್' ಎಂದರೆ ಹುಡುಗ ಹುಡುಗಿಯನ್ನು “ನನ್ನನ್ನು ಮದುವೆಯಾಗುತ್ತೀಯಾ?” ಎಂದು ಕೇಳುವುದು. ಇದನ್ನು ಓದಿದವಳೇ ಅಕ್ಕ ಪುಸ್ತಕ ಮಡಚಿಟ್ಟಳು.

“ಇಂಗ್ಲಿಷ್ ಮಂದಿಯೊಳಗ ಹುಡುಗಿನ್ನ ಕೇಳ್ತಾರಲ್ಲೋ!” ಎಂದಳು.

ಅಕ್ಕನಿಗೆ ಕಾಲೇಜು ಇನ್ನೂ ಒಂದು ವರ್ಷ ಬಾಕಿ ಇತ್ತು. ಮದುವೆ ಈಗ ಬೇಕೋ ಬೇಡವೋ ಎಂದು ಮನೆಯಲ್ಲಿ ಒಬ್ಬರೂ ಅವಳನ್ನು ಕೇಳಿರಲಿಲ್ಲ. ಹುಡುಗನಾದರೂ ಕೇಳಿಯಾನು ಎಂದು ಅವಳು ಕಾದಳು. ಅವಳ ಜೊತೆ ನಾನೂ ಕಾದೆ.

ಆ ಭಾನುವಾರ ಮನೆಯೆಲ್ಲ ತುಪ್ಪದಲ್ಲಿ ಹುರಿದ ರವೆಯ ಘಮ. ಪಕ್ಕದ ಮನೆಯಿಂದ ತಂದ ಕಬ್ಬಿಣದ ಕುರ್ಚಿಗಳು ಕುಳಿತವರು ಅಲುಗಾಡಿದಾಗಲೆಲ್ಲ ಕಿರ್ರೆನ್ನುತ್ತಿದ್ದವು. ಗಂಜಿ ಹಾಕಿದ ನನ್ನ ಅಂಗಿ ಕುತ್ತಿಗೆಯನ್ನು ಕೆರೆಯುತ್ತಿತ್ತು. ಅಕ್ಕ ಚಹಾದ ತಟ್ಟೆ ಹಿಡಿದು ಬಂದು, ಎಲ್ಲರಿಗೂ ಕೊಟ್ಟು, ಚಾಪೆಯ ಮೇಲೆ ತಲೆ ತಗ್ಗಿಸಿ ಕುಳಿತಳು.

ಹುಡುಗನ ತಂದೆ ಅಡಿಗೆ ಬರುತ್ತದೆಯೇ, ರಂಗೋಲಿ ಬರುತ್ತದೆಯೇ ಎಂದು ಕೇಳಿದರು. ಕೇಳಿದ್ದು ಅಪ್ಪನನ್ನು, ಉತ್ತರ ಕೊಟ್ಟದ್ದೂ ಅಪ್ಪ. ಅಕ್ಕ ಕಿವುಡಿಯೋ ಮೂಕಿಯೋ ಎಂಬ ಹಾಗೆ! ಹುಡುಗ ಉಪ್ಪಿಟ್ಟಿನಿಂದ ಕರಿಬೇವು ಹೆಕ್ಕಿ ತಟ್ಟೆಯ ಅಂಚಿಗೆ ಇಡುತ್ತ ಕುಳಿತಿದ್ದ. ಇಂಗ್ಲಿಷಿನ ಸುದ್ದಿಯೇ ಇಲ್ಲ. ಕೊನೆಗೆ ಅಪ್ಪನೇ ತಡೆಯಲಾರದೆ, “ನಮ್ಮ ಹುಡುಗಿ ಇಂಗ್ಲಿಷ್ ಭಾಳ ಛಲೋ ಮಾತಾಡ್ತಾಳ್ರಿ. ಏನರೆ ಹೇಳವಾ” ಎಂದರು.

ಅಕ್ಕ ತಲೆಯೆತ್ತಿದಳು. ಹುಡುಗನನ್ನೇ ನೇರವಾಗಿ ನೋಡಿ, “ಹಿ ಹ್ಯಾಸ್ ನಾಟ್ ಪಾಪ್ಡ್ ದ ಕ್ವೆಶ್ಚನ್ ಯೆಟ್” ಎಂದಳು. ಅವನು ಇನ್ನೂ ನನ್ನನ್ನು ಕೇಳಿಲ್ಲ ಎಂದು!

ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಆದರೆ ದೊಡ್ಡವರಿಗೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. “ವಾ! ವಾ! ಮುಂದ ಮಕ್ಕಳಿಗೆ ಕಲಸ್ಲಿಕ್ಕೆ ಆತು ಬಿಡ್ರಿ” ಎಂದು ಹುಡುಗನ ತಂದೆ ನಕ್ಕರು. ಅಪ್ಪ ಬೀಗಿಹೋದರು. ಅರ್ಥವಾದದ್ದು ಹುಡುಗನೊಬ್ಬನಿಗೆ. ಅವನ ಮುಖ ಕೆಂಪಾಯಿತು, ಬಾಯಿ ಅರ್ಧ ತೆರೆಯಿತು. ಕೇಳು ಮಾರಾಯಾ, ಕೇಳು ಎಂದು ನಾನು ಮನಸ್ಸಿನಲ್ಲೇ ಕೂಗಿಕೊಂಡೆ. ಅವನು ತಂದೆಯ ಕಡೆ ಒಮ್ಮೆ ನೋಡಿ, ಮತ್ತೆ ಕರಿಬೇವಿಗೆ ಇಳಿದ.

ಅಲ್ಲೇ ಒಪ್ಪಿಗೆಯಾಯಿತು. ಅವರನ್ನು ಕಳಿಸಿ ಅಪ್ಪ ಪೇಢೆ ತಂದರು. ನಾನು ಪೇಢೆ ಮುಟ್ಟದೆ, “ಅಕ್ಕನ್ನ ಯಾರೂ ಕೇಳ್ಲೇ ಇಲ್ಲಲ್ಲಾ?” ಎಂದೆ.

“ಅವರು ಹೂಂ ಅಂದ್ರು. ಇನ್ನ ಕೇಳೂದೇನದ?” ಎಂದರು ಅಪ್ಪ. ಅವರಿಗೆ ಕೋಪವೂ ಬರಲಿಲ್ಲ. ನನ್ನ ಪ್ರಶ್ನೆ ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಅದೇ ನನಗೆ ಇನ್ನಷ್ಟು ಉರಿ ತರಿಸಿತು.

ಅಕ್ಕ ಹಿತ್ತಲಲ್ಲಿ ಚಹಾದ ಕಪ್ಪು-ಬಸಿ ತೊಳೆಯುತ್ತಿದ್ದಳು. “ಕೇಳಿದ್ರ ಏನಂತಿದ್ದಿ?” ಎಂದೆ.

“ಯಾರಿಗ್ಗೊತ್ತು? ಕಾಲೇಜ್ ಮುಗಸ್ತೀನಿ ಅಂತಿದ್ನೋ, ಹೂಂ ಅಂತಿದ್ನೋ. ಕೇಳಿದ್ರ ವಿಚಾರ ಮಾಡ್ತಿದ್ದೆ” ಎಂದಳು.

ಅಕ್ಕನ ಸಂಸಾರ ಚೆನ್ನಾಗಿಯೇ ನಡೆಯಿತು. ಕಾಲೇಜು ಮಾತ್ರ ಅಲ್ಲಿಗೇ ನಿಂತಿತು. “ಚೆನ್ನಾಗಿದ್ದಾಳಲ್ಲ, ಮತ್ತೇನು?” ಎಂದು ಎಲ್ಲರೂ ನನ್ನ ಬಾಯಿ ಮುಚ್ಚಿಸುತ್ತಾರೆ. ನನ್ನ ಸಿಟ್ಟು ಅದಕ್ಕಲ್ಲ ಎಂದು ಎಷ್ಟು ಸಲ ಹೇಳಲಿ?

ಈಗ ನಿಮ್ಮನ್ನು ನೋಡಿ, ಮೊಮ್ಮಕ್ಕಳೇ. ನಿಮ್ಮನ್ನು ಕೇಳದೆ ಮನೆಗೆ ಹಲ್ಲುಜ್ಜುವ ಬ್ರಷ್ಷೂ ಬರುವುದಿಲ್ಲ. ದೋಸೆ ಬೇಕೋ ಪಿಜ್ಜಾ ಬೇಕೋ, ಚಿತ್ರಕಲೆ ಕಲಿಯುತ್ತೀಯೋ ಈಜು ಕಲಿಯುತ್ತೀಯೋ, ರಜೆಗೆ ಎಲ್ಲಿಗೆ ಹೋಗೋಣ ಎಂದು ಎಲ್ಲವನ್ನೂ ಕೇಳುತ್ತಾರೆ. ನೀವೋ ಮೊಬೈಲಿನಿಂದ ತಲೆಯೆತ್ತದೆ, “ಏನಾದ್ರೂ ನಡೀತದ” ಎನ್ನುತ್ತೀರಿ. ಆಗ ನನ್ನ ಮೈ ಉರಿಯುತ್ತದೆ. ಅಜ್ಜನಿಗೆ ಸುಮ್ಮಸುಮ್ಮನೆ ಸಿಟ್ಟು ಎಂದು ನಗುತ್ತೀರಿ. ನಗಿ. ನಿಮಗೆ ದಿನಾ ಬೇಡವೆಂದರೂ ಸಿಗುವ ಆ ಒಂದು ಪ್ರಶ್ನೆಗಾಗಿ ನನ್ನ ಅಕ್ಕ ಆ ಸಂಜೆಯೆಲ್ಲ ಚಾಪೆಯ ಮೇಲೆ ಕಾದು ಕುಳಿತಿದ್ದಳು.