ಮೂರು ಮಂದಿಯ ಅಡುಗೆ

ನಮ್ಮಪ್ಪ ಸೈನ್ಯದಲ್ಲಿ ಅಡುಗೆಯವನಾಗಿದ್ದ. ನಿವೃತ್ತನಾಗಿ ಸುರಪುರಕ್ಕೆ ಬಂದ ಮೊದಲ ವಾರವೇ ಅವ್ವ ಅವನನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳುವುದನ್ನು ನಿಲ್ಲಿಸಿದಳು. ತಪ್ಪು ಅಪ್ಪನದೇ. ಮನೆಯಲ್ಲಿ ನಾವು ಮೂರೇ ಜನ. ಅವನ ಕೈಗೆ ನೂರು ಜನರಿಗಿಂತ ಕಡಿಮೆಯ ಅಳತೆಯೇ ಗೊತ್ತಿರಲಿಲ್ಲ. ಅವನು ಒಂದು ದಿನ ಮಾಡಿದ ಪುಂಡಿಪಲ್ಯವನ್ನು ನಾವು ನಾಲ್ಕು ದಿನ ಉಂಡೆವು, ಓಣಿಗೂ ಹಂಚಿದೆವು. ಕೊನೆಗೆ ನನ್ನ ಕೈಯಲ್ಲಿ ಪಾತ್ರೆ ಕಂಡರೆ ಓಣಿಯವರು ಬಾಗಿಲು ಹಾಕಿಕೊಳ್ಳತೊಡಗಿದರು.

ಆಮೇಲೆ ಅಪ್ಪನಿಗೆ ಉಳಿದದ್ದು ಕಟ್ಟೆಯ ಮೇಲೆ ಕೂತು ಪೇಪರ್ ಓದುವುದು, ಒಗ್ಗರಣೆಯ ವಾಸನೆ ಬಂದಾಗೊಮ್ಮೆ "ಜೀರಗಿ ಹೊತ್ತಾಕತ್ತದ" ಎಂದು ಕೂಗುವುದು. ಆ ಮುಖ ನೋಡಲಾಗದೆ ಒಂದು ಭಾನುವಾರ ಇಬ್ಬರನ್ನೂ ಶಹಾಪುರಕ್ಕೆ ಸಿನಿಮಾಕ್ಕೆ ಕರೆದೊಯ್ದೆ. ಯುದ್ಧದ ಸಿನಿಮಾ. ನಿವೃತ್ತರಾಗಿ ಹೊಲ, ಅಂಗಡಿ ನೋಡಿಕೊಂಡಿದ್ದ ಸೈನಿಕರಿಗೆ ಮತ್ತೆ ಕರೆ ಬರುತ್ತದೆ, ಮನಸ್ಸಿಲ್ಲದಿದ್ದರೂ ಹೋಗಲೇಬೇಕು. ಪರದೆಯ ಮೇಲೆ ಹೆಂಡಂದಿರು ಅಳುತ್ತಿದ್ದರು, ಕೆಳಗೆ ಅರ್ಧ ಥಿಯೇಟರ್ ಅಳುತ್ತಿತ್ತು. ಅಪ್ಪ ಅಳಲಿಲ್ಲ. ಹಿಮದ ಬೆಟ್ಟದ ಮೇಲೆ ನಾಯಕ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಿ ಗೆಳೆಯನಿಗೆ ಉಣಿಸುವಾಗ ಎದ್ದೇ ನಿಂತ.

"ಅಷ್ಟ್ ಎತ್ತರದಾಗ ಕುಕ್ಕರ್ ಇಲ್ದ ಬ್ಯಾಳಿ ಕುದೀತದೇನ್ರಿ? ದಿನಪೂರ್ತಿ ಕಾದ್ರೂ ಕಲ್ಲಿನಂಗ ಇರ್ತದ!"

ಹಿಂದಿನ ಸಾಲಿನವನೊಬ್ಬ ಕೈಮುಗಿದ. "ಕಾಕಾ, ಬ್ಯಾಳಿ ಬಿಡ್ರಿ, ಕುಂದರ್ರಿ. ಅಲ್ಲಿ ಬಾಂಬ್ ಬೀಳಾಕತ್ತಾವ."

ಅಪ್ಪ ಕೂತ. ಕೂತವನು ಸುಮ್ಮನಿರದೆ, "ನನ್ನ ಕರದ್ರ ಇವತ್ತೇ ಹೋಗತಿದ್ದೆ" ಎಂದ. ಪಕ್ಕದಲ್ಲಿದ್ದ ಅವ್ವನಿಗೆ ಅದು ಕೇಳಿಸಿತು. ಇಂಟರ್‌ವಲ್‌ನಲ್ಲಿ ಅವಳು ಮಿರ್ಚಿ ಭಜಿಯನ್ನೂ ಮುಟ್ಟಲಿಲ್ಲ.

ವಾಪಸು ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ಬಾಯಿಬಿಟ್ಟಳು.

"ಇಷ್ಟ್ ವರ್ಷ ಗಂಡ ಇದ್ದೂ ಒಬ್ಬಾಕೇ ಇದ್ದೆ. ಈಗ ಬಂದೀರಿ, ಮತ್ತ ಹೋಗತೀನಂತೀರಿ. ನನ್ನ ಮ್ಯಾಲ ಅಷ್ಟ್ ಬ್ಯಾಸರೇನ್ರಿ?"

ಅಪ್ಪ ಕಿಟಕಿಯ ಕಡೆ ತಿರುಗಿದ. "ನಿನ್ ಮ್ಯಾಲ ಯಾಕ ಬ್ಯಾಸರ? ಅಲ್ಲಿ ನಾ ಮಾಡಿದ್ದು ಮಂದಿ ಕೇಳಿ ಹಾಕಿಸ್ಕೊಂಡು ಉಣತಿದ್ರು. ಇಲ್ಲಿ ನಾ ಯಾರಿಗೂ ಬ್ಯಾಡ."

ಓಣಿಯವರ ಜೊತೆ ಸೇರಿ ಅವನ ಪಲ್ಯಕ್ಕೆ ನಾನೂ ನಕ್ಕಿದ್ದೆನಲ್ಲ ಎಂದು ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಅವ್ವ ಮೂರು ಹಿಡಿ ಬೇಳೆ ತಂದು ಅಪ್ಪನ ಮುಂದಿಟ್ಟಳು. "ಇಷ್ಟೇ ನೋಡ್ರಿ. ಒಂದ್ ಕಾಳ್ ಹೆಚ್ಚಾಗಬಾರ್ದು."

ಅಪ್ಪ ಮಧ್ಯಾಹ್ನದವರೆಗೂ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬೇಳೆ ಮೂರೇ ಹಿಡಿ ಹಾಕಿದ್ದ. ಉಪ್ಪು ಮಾತ್ರ ನೂರು ಜನರದು. ಒಂದೇ ತುತ್ತಿಗೆ ನಾನು ನೀರಿನ ಚೆಂಬಿಗೆ ಕೈ ಹಾಕಿದೆ. ಅಪ್ಪ ಸೌಟು ಹಿಡಿದು ಅವ್ವನ ಮುಖವನ್ನೇ ನೋಡುತ್ತ ನಿಂತಿದ್ದ. ಅವ್ವ ರೊಟ್ಟಿಯ ಜೊತೆ ಅಷ್ಟನ್ನೂ ಉಂಡಳು, ಚೆಂಬು ಖಾಲಿ ಮಾಡಿದಳು, ತಟ್ಟೆಯನ್ನು ಮುಂದೆ ಹಿಡಿದಳು.

"ಇನ್ನೊಂದ್ ಸ್ವಲ್ಪ ಹಾಕ್ರಿ."